ಹೈಬ್ರಿಡ್ ವಾಹನ ಮಹಾಶಯರಿಗೆ ಕಬ್ಬಿನ ಸೀಮೆಯ ಬಿನ್ನವತ್ತಳೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಸಮಸ್ತ ಕಬ್ಬು ಬೆಳೆಗಾರರು, ನೇಕಾರರು ಹಾಗೂ ಬಸ್ಸಿಗೆ ಕಾದು ನಿಂತವರು ಕೂಡಿ ಅರ್ಪಿಸುವ ಈ ಬಿನ್ನವತ್ತಳೆಯು, ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡನ್ನೂ ಒಂದೇ ಒಡಲಲ್ಲಿ ಧರಿಸಿ, ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ವೇಗವನ್ನೂ ವಿದ್ಯುತ್ತಾಗಿಸಿ ಬ್ಯಾಟರಿಗೆ ಮರಳಿಸುವ ಮಹಾ ಜಿಪುಣರಾದ ಶ್ರೀಮಾನ್ ಹೈಬ್ರಿಡ್ ವಾಹನ ಮಹಾಶಯರಿಗೂ, ಇನ್ನಷ್ಟು ದೊಡ್ಡ ಬ್ಯಾಟರಿ ಹೊತ್ತು ಮನೆಯ ಪ್ಲಗ್ಗಿನಿಂದಲೂ ಚಾರ್ಜ್ ಆಗಬಲ್ಲ ಅವರ ತಮ್ಮಂದಿರಾದ ಪ್ಲಗ್-ಇನ್ ಹೈಬ್ರಿಡ್ ಅವರಿಗೂ ಸಲ್ಲತಕ್ಕದ್ದು.

ಸನ್ಮಾನಿತರ ವಂಶ ಸಾಮಾನ್ಯದ್ದಲ್ಲ. 1900ರ ಸುಮಾರಿಗೆ ಫರ್ಡಿನಾಂಡ್ ಪೋರ್ಷೆ ಎಂಜಿನ್ನಿನಿಂದ ವಿದ್ಯುತ್ ಹುಟ್ಟಿಸಿ, ಗಾಲಿಯೊಳಗೇ ಕೂಡಿಸಿದ ಮೋಟಾರುಗಳಿಂದ ಬಂಡಿ ಓಡಿಸಿದ್ದರು. 1997ರಲ್ಲಿ ಜಪಾನಿನ ಟೊಯೊಟಾ ಪ್ರಿಯಸ್ ಕುಲಕ್ಕೆ ಕೀರ್ತಿ ತಂದಿತು. 2013ರಿಂದ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಗತೊಡಗಿ ಮಹಾಶಯರು ಕನ್ನಡ ನಾಡಿನವರೇ ಆದರು.

ಈ ಸೀಮೆಯೊಡನೆ ಅವರ ನಂಟು ಗಟ್ಟಿಯಾದದ್ದು 2023ರ ಆಗಸ್ಟ್‌ನಲ್ಲಿ, ಫ್ಲೆಕ್ಸ್-ಫ್ಯೂಯಲ್ ಹೈಬ್ರಿಡ್ ಇನ್ನೋವಾದ ಮಾದರಿಯನ್ನು ದೆಹಲಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅನಾವರಣಗೊಳಿಸಿದಾಗ. ಪೆಟ್ರೋಲಿಗೆ ಹೆಚ್ಚಿನ ಪಾಲು ಎಥೆನಾಲ್ ಬೆರೆಸಿದರೂ ಮುನಿಯದೆ ಓಡುವ ಎಂಜಿನ್ನಿಗೆ ಫ್ಲೆಕ್ಸ್-ಫ್ಯೂಯಲ್ ಎಂಬ ಹೆಸರು. ಈ ಸೀಮೆಯಲ್ಲಿ ಎಥೆನಾಲ್ ಎಂದರೆ ಮುಖ್ಯವಾಗಿ ಕಬ್ಬಿನ ರಸ ಅಥವಾ ಕಾಕಂಬಿಯನ್ನು ಹುಳಿಯಿಸಿ ಭಟ್ಟಿ ಇಳಿಸಿದ ಮದ್ಯಸಾರ. ಲೀಟರಿಗೆ ಅದರ ಕಸುವು ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾದ್ದರಿಂದ ಮೈಲೇಜು ಇಳಿಯುತ್ತದೆ, ಆ ಕೊರತೆಯನ್ನು ವಿದ್ಯುತ್ ಮೋಟಾರು ಬಹುಮಟ್ಟಿಗೆ ತುಂಬಿಕೊಡುತ್ತದೆ. ಇತ್ತ ರಸ ಹಿಂಡಿ ಉಳಿದ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ, ಉಗಿಯಿಂದ ಸಕ್ಕರೆ ಕಾರ್ಖಾನೆಯನ್ನೂ ನಡೆಸಿ ಮಿಕ್ಕ ವಿದ್ಯುತ್ತನ್ನು ಗ್ರಿಡ್ಡಿಗೆ ಮಾರುವ ಸಹವಿದ್ಯುತ್ ಉತ್ಪಾದನೆ ಸಮೀರವಾಡಿ, ಮುಧೋಳದ ಕಡೆ ಹಳೆಯ ಮಾತು. ಹೀಗಾಗಿ ತಮ್ಮಂದಿರಾದ ಪ್ಲಗ್-ಇನ್ ಅವರು ಟ್ಯಾಂಕಿನಿಂದ ಉಂಡರೂ ಪ್ಲಗ್ಗಿನಿಂದ ಉಂಡರೂ ಅದು ಕಬ್ಬಿನ ಊಟವೇ ಆಗಬಹುದಾಗಿದ್ದು, ಇಂಥ ಬೀಗರು ಈ ಸೀಮೆಗೆ ಬೇರೆ ಸಿಗಲಾರರು.

ಬೀಗರ ಉಪಚಾರದ ಖರ್ಚನ್ನೂ ಇಲ್ಲಿ ದಾಖಲಿಸುವುದು ಪದ್ಧತಿ. ಕಬ್ಬು ಕುಡಿಯುವುದು ಕೃಷ್ಣೆ-ಘಟಪ್ರಭೆಯರ ನೀರನ್ನು. ಆ ನೀರಿಗಾಗಿ ಜಮಖಂಡಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿಕೊಂಡರು. ಸಿಪ್ಪೆಯ ವಿದ್ಯುತ್ತೋ ಮುಖ್ಯವಾಗಿ ಕಬ್ಬು ನುರಿಸುವ ಹಂಗಾಮಿನದು. ಹಂಗಾಮು ಮುಗಿದ ಬೇಸಿಗೆಯಲ್ಲಿ ಬೀಗರು ಪ್ಲಗ್ ಚುಚ್ಚುವ ಮೊದಲು, ಕರೆಂಟು ಹೋದೊಡನೆ ನಿಲ್ಲುವ ಬನಹಟ್ಟಿಯ ಮಗ್ಗಗಳ ಒಪ್ಪಿಗೆ ಪಡೆಯುವುದು ಸೌಜನ್ಯ. ಪ್ಲಗ್-ಇನ್ ಅವರು ಭಾರತದಲ್ಲಿ ಈವರೆಗೆ ಹೆಚ್ಚಾಗಿ ದುಬಾರಿ ವಿದೇಶಿ ಕಾರುಗಳ ರೂಪದಲ್ಲೇ ದರ್ಶನವಿತ್ತಿರುವುದರಿಂದ, ಕಬ್ಬಿನ ಬಿಲ್ಲಿಗಾಗಿ ಕಾಯುತ್ತಿರುವ ಬೆಳೆಗಾರರು ಅವರನ್ನು ಮನೆ ತುಂಬಿಸಿಕೊಳ್ಳುವ ಮುಹೂರ್ತವನ್ನು ಸದ್ಯಕ್ಕೆ ಮುಂದೂಡಿದ್ದಾರೆ.

ಸನ್ಮಾನಿತರು ಖುದ್ದಾಗಿ ಆಗಮಿಸಿಲ್ಲವಾಗಿ, ಶಾಲು, ರುಮಾಲು, ಫಲತಾಂಬೂಲಗಳನ್ನು ಅವರ ಪರವಾಗಿ, ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಹಾಡು ಹಚ್ಚಿ ಕಾರ್ಖಾನೆಯ ಕಡೆಗೆ ಹೊರಟಿರುವ ಡೀಸೆಲ್ ಟ್ರ್ಯಾಕ್ಟರ್ ಅವರು ಸ್ವೀಕರಿಸುವರು. ಅವರಿಗೆ ದಾರಿ ಬಿಡತಕ್ಕದ್ದು.