ಲಿಮೋಜೆ ಧಾತು ಮೀಮಾಂಸೆ

ಅಥ ಲಿಮೋಜೆ ಧಾತು ವಿಚಾರಃ. ಮಂತ್ರಿ, ಜನರಲ್ ಅಥವಾ ಸಾಲು ಸಾಲು ಪಂದ್ಯ ಸೋತ ಫುಟ್‌ಬಾಲ್ ತಂಡದ ಕೋಚ್, ಇಂಥವರನ್ನು ಕುರ್ಚಿಯಿಂದ ಎಬ್ಬಿಸಿ ಸಾಗಹಾಕುವುದಕ್ಕೆ ಫ್ರೆಂಚರು ‘ಲಿಮೋಜೆ’ ಎನ್ನುತ್ತಾರೆ. ಧಾತು ಸಕರ್ಮಕ. ಸಿಕ್ಕಿಬಿದ್ದವನು ‘ಎಲ್ಲ ನನ್ನ ಕರ್ಮ’ ಎಂದು ಹಣೆ ಚಚ್ಚಿಕೊಂಡರೆ, ವ್ಯಾಕರಣದ ದೃಷ್ಟಿಯಿಂದ ಆ ಹೇಳಿಕೆ ನಿರ್ದುಷ್ಟ.

ಮೂಲ ಹುಡುಕಲು ಲ್ಯಾಟಿನ್‌ವರೆಗೆ ಹೋಗಬೇಕಿಲ್ಲ; 1914ರ ಆಗಸ್ಟ್ ಸಾಕು. ಜರ್ಮನ್ ಪಡೆ ಬೆಲ್ಜಿಯಂ ಮೂಲಕ ಪ್ಯಾರಿಸ್ಸಿನತ್ತ ನುಗ್ಗಿ ಬರುತ್ತಿತ್ತು. ಫ್ರೆಂಚ್ ಮಹಾದಂಡನಾಯಕ ಜೋಫ್ರ್, ಕೈಲಾಗದವರೆಂದು ತನಗೆ ತೋರಿದ ಜನರಲ್‌ಗಳನ್ನು ಒಬ್ಬೊಬ್ಬರಾಗಿ ಕಿತ್ತುಹಾಕತೊಡಗಿದ. ವರ್ಷ ಮುಗಿಯುವಷ್ಟರಲ್ಲಿ ಆ ಸಂಖ್ಯೆ ನೂರು ದಾಟಿತ್ತು. ಅವರಲ್ಲಿ ಕೆಲವರನ್ನು ಗುಂಡಿನ ಸದ್ದು ಕೇಳಿಸದ ಹನ್ನೆರಡನೇ ಸೇನಾ ವಲಯಕ್ಕೆ, ಅಂದರೆ ಲಿಮೋಜ್ ಊರಿಗೆ, ಕಳಿಸಲಾಯಿತು. ಹೆಚ್ಚಿನವರು ಆ ಊರಿನ ಮುಖವನ್ನೇ ನೋಡಲಿಲ್ಲ ಎಂದು ಇತಿಹಾಸಕಾರರು ತಕರಾರು ತೆಗೆಯುತ್ತಾರೆ. ವೈಯಾಕರಣರಿಗೆ ಅದು ಅಪ್ರಸ್ತುತ.

ಅರ್ಹತೆಯ ಪ್ರಶ್ನೆಯೂ ಸೂಕ್ಷ್ಮವಾದದ್ದೇ. ಐದನೇ ಸೇನೆಯ ಲಾನ್ರೆಜಾಕ್, ಜರ್ಮನರು ಬೆಲ್ಜಿಯಂ ಕಡೆಯಿಂದಲೇ ದೊಡ್ಡ ಪ್ರಮಾಣದಲ್ಲಿ ಬರುತ್ತಾರೆ ಎಂದು ಮೊದಲೇ ಎಚ್ಚರಿಸಿದ್ದ. ಅವರು ಹಾಗೆಯೇ ಬಂದರು. ಸೆಪ್ಟೆಂಬರ್ 3ರಂದು, ಮಾರ್ನ್ ಕದನದ ಹೊಸ್ತಿಲಲ್ಲಿ, ಅವನ ಹುದ್ದೆ ಹೋಯಿತು. ಆದ್ದರಿಂದ ಸೂತ್ರ: ತಪ್ಪು ಮಾಡಿರುವುದು ಈ ಧಾತುವಿಗೆ ಐಚ್ಛಿಕ.

ರೂಪಾವಳಿಯಲ್ಲೊಂದು ಚೋದ್ಯವಿದೆ. ‘ನೀನು ವಜಾ ಮಾಡುತ್ತೀ’ ಎಂಬ ಮಧ್ಯಮಪುರುಷ ಏಕವಚನದ ಕ್ರಿಯಾರೂಪ, ಅಕ್ಷರಕ್ಕೆ ಅಕ್ಷರ, ಊರಿನ ಹೆಸರೇ. ಮೊದಲಕ್ಷರ ದೊಡ್ಡದಾದರೆ ಊರು, ಚಿಕ್ಕದಾದರೆ ಎತ್ತಂಗಡಿ.

ಲಿಮೋಜ್‌ನವರ ಪೂರ್ವಪಕ್ಷವನ್ನೂ ಕೇಳಬೇಕು. ಅವರ ಪಿಂಗಾಣಿ ಲೋಕಪ್ರಸಿದ್ಧ. 1841ರಲ್ಲಿ ಚಿತ್ರಕಾರ ರೆನ್ವಾರ್ ಹುಟ್ಟಿದ್ದು ಅಲ್ಲಿಯೇ. 1993ರಲ್ಲಿ ಅವರ ಬ್ಯಾಸ್ಕೆಟ್‌ಬಾಲ್ ತಂಡ ಯುರೋಪಿನ ಚಾಂಪಿಯನ್ ಆಯಿತು. ಇಷ್ಟಾದರೂ ಯಾವುದೂ ಕ್ರಿಯಾಪದವಾಗಲಿಲ್ಲ. ಇನ್ನು ಆ ತಂಡದ ಕೋಚನ್ನೇ ಲಿಮೋಜೆ ಮಾಡಬೇಕಾದರೆ ಕಳಿಸುವುದೆಲ್ಲಿಗೆ? ಸಮಾಧಾನ: ಇಂದಿನ ಪ್ರಯೋಗದಲ್ಲಿ ಊರು ಲೋಪವಾಗಿದೆ, ಕುರ್ಚಿ ಹೋದರೆ ಸಾಕು.

ಧಾತು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1916ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಜೋಫ್ರ್‌ನ ಜಾಗಕ್ಕೆ ನಿವೆಲ್ ಬಂದ. ಜೋಫ್ರ್‌ನನ್ನು ಫ್ರಾನ್ಸಿನ ಮಾರ್ಷಲ್ ಎಂದು ಸನ್ಮಾನಿಸಿ ಪಕ್ಕಕ್ಕೆ ಕೂರಿಸಲಾಯಿತು. ಕರ್ತೃವೇ ಕರ್ಮವಾದ ಈ ಪ್ರಯೋಗವನ್ನು ಪ್ರಸ್ತುತ ಪ್ರಬಂಧ ಗೌರವಾರ್ಥಕ ಬಹುವಚನದಡಿ ಸೇರಿಸುತ್ತದೆ.