ವೇಗಪ್ರಮಾಣ ಮೀಮಾಂಸೆ: ದ್ವಿಚಕ್ರ ಸವಾರನ ಪಕ್ಷದಿಂದ

ಅತಿವೇಗದ ಚಲನ್‌ಗೆ ದುಡ್ಡು ಕಟ್ಟದೆ ಕೋರ್ಟಿನ ಮೆಟ್ಟಿಲೇರುವ ಬೈಕ್ ಸವಾರನನ್ನು ಲೋಕ ಈವರೆಗೆ ಜಿಪುಣನೆಂದೋ ತಲೆಹರಟೆಯೆಂದೋ ಕಂಡಿದೆ. ಸಾವಿರ ರೂಪಾಯಿ ಉಳಿಸಲು ಅದರ ದುಪ್ಪಟ್ಟು ಸಂಬಳ ಕಳೆದುಕೊಳ್ಳುವವನು ಜಿಪುಣನಾಗುವುದು ಹೇಗೆಂದು ಯಾರೂ ಕೇಳಿಲ್ಲ. ಅವನು ನೈಯಾಯಿಕ, ಅವನ ಹಟ ದುಡ್ಡಿಗಲ್ಲ, ಪ್ರಮಾಣಕ್ಕೆ. ಗೌತಮನ ನ್ಯಾಯಸೂತ್ರಗಳು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಅರಿವಿಗೆ ನಾಲ್ಕು ದಾರಿಗಳನ್ನು ಒಪ್ಪುತ್ತವೆ. ಅವಕ್ಕೆ ವಾತ್ಸ್ಯಾಯನ ಭಾಷ್ಯ ಬರೆದ, ಉದ್ದ್ಯೋತಕರ ವಾರ್ತಿಕ ಬರೆದ. ಅದೇ ಸಾಲಿನಲ್ಲಿ ಕೂರಬೇಕಾದ ಇನ್ನೊಂದು ಗ್ರಂಥ 1988ರ ಮೋಟಾರು ವಾಹನ ಕಾಯ್ದೆ ಎಂಬುದನ್ನು ಪಂಡಿತರು ಗಮನಿಸಿಲ್ಲ. ಬಹುಶಃ ಅವರೆಲ್ಲ ಆಟೋದಲ್ಲಿ ಓಡಾಡುವುದರಿಂದ. ಈ ಪ್ರಬಂಧದ ಪ್ರತಿಜ್ಞೆ ಇಷ್ಟು: ಅತಿವೇಗವೆಂಬುದು ಕಣ್ಣಿಗೆ ಕಾಣುವಂಥದ್ದಲ್ಲ, ಕಾಗದದಿಂದ ಮಾತ್ರ ಸಿದ್ಧಿಸುವಂಥದ್ದು.

ಮೊದಲು ಪ್ರತ್ಯಕ್ಷದ ಗತಿಯನ್ನು ನೋಡೋಣ. ಕಾಯ್ದೆಯ 183ನೇ ಕಲಂನ ಮೂರನೇ ಉಪಕಲಂ ಪ್ರಕಾರ, ಒಬ್ಬ ಸಾಕ್ಷಿ ಬಂದು ‘ನನ್ನ ಅಭಿಪ್ರಾಯದಲ್ಲಿ ಇವನು ಜೋರಾಗಿ ಹೋಗುತ್ತಿದ್ದ’ ಎಂದಷ್ಟೇ ಹೇಳಿದರೆ ಯಾರನ್ನೂ ಅಪರಾಧಿಯೆನ್ನುವಂತಿಲ್ಲ. ಆ ಅಭಿಪ್ರಾಯಕ್ಕೆ ಯಂತ್ರವೊಂದರ ಅಳತೆ ಆಧಾರವಾಗಿರಬೇಕು. ಕಂಡದ್ದೇ ಸತ್ಯವೆಂದ ಚಾರ್ವಾಕರನ್ನು ಶಾಸ್ತ್ರಕಾರರು ಶತಮಾನಗಟ್ಟಲೆ ಖಂಡಿಸಿದರು. ಸಂಸತ್ತು ಅದೇ ಕೆಲಸವನ್ನು ಒಂದು ವಾಕ್ಯದಲ್ಲಿ ಮುಗಿಸಿದೆ. ಇಬ್ಬರು ಕಂಡಿದ್ದರೆ ಸಾಕಾಗುತ್ತಿತ್ತೇ ಎಂಬುದನ್ನು ಕಲಂ ಬಾಯಿಬಿಟ್ಟು ಹೇಳುವುದಿಲ್ಲ. ಸೂತ್ರಕಾರರ ಮಿತಭಾಷಣೆಯೇ ವಕೀಲರ ಅನ್ನ. ಇನ್ನು ಅನುಮಾನ. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ ಸದ್ದಿದ್ದಲ್ಲಿ ವೇಗವಿರುತ್ತದೆ ಎಂಬುದು ಬೀದಿಬದಿಯ ನಂಬಿಕೆ. ಆದರೆ ಗುಡುಗುತ್ತ ಬರುವ ಬುಲೆಟ್ ನಲವತ್ತರಲ್ಲೂ ಗುಡುಗುತ್ತದೆ, ಎಲೆಕ್ಟ್ರಿಕ್ ಸ್ಕೂಟರು ಎಪ್ಪತ್ತರಲ್ಲೂ ಮೌನವ್ರತ ಮುರಿಯುವುದಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ವ್ಯಭಿಚಾರ ದೋಷವೆಂದು ಹೆಸರು. ಸವಾರನು ಕಟಕಟೆಯಲ್ಲಿ ಈ ಪದ ಬಳಸದಿರುವುದು ಕ್ಷೇಮ.

ಹಾಗಾದರೆ ಯಂತ್ರವೇ ಗತಿ ಎನ್ನಬಹುದು. ಇಲ್ಲಿಯೇ ವಿಷಯ ಸ್ವಾರಸ್ಯಕರವಾಗುವುದು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮವು ವೇಗದ ಕ್ಯಾಮೆರಾ, ಸ್ಪೀಡ್ ಗನ್ ಮುಂತಾದವುಗಳಿಗೆ ಅನುಮೋದನಾ ಪತ್ರ ಬೇಕೆಂದೂ ಅದನ್ನು ವರ್ಷವರ್ಷವೂ ನವೀಕರಿಸಬೇಕೆಂದೂ ಹೇಳುತ್ತದೆ. ಕ್ಯಾಮೆರಾ ಕಣ್ಣಿಟ್ಟಿರುವ ದಾರಿಗೆ ಮೊದಲೇ ಎಚ್ಚರಿಕೆಯ ಫಲಕವಿರಬೇಕು, ತಪ್ಪು ನಡೆದ ಹದಿನೈದು ದಿನದೊಳಗೆ ನೋಟಿಸು ಹೋಗಬೇಕು. ಕ್ಯಾಮೆರಾ ಕಂಡದ್ದನ್ನು ಕೋರ್ಟಿಗೆ ಒಪ್ಪಿಸಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇನ್ನೊಂದು ಪ್ರಮಾಣಪತ್ರ ಕೇಳುತ್ತದೆ. ಹಳೆಯ ಕಾಯ್ದೆಯ ಅಂಥದೇ ಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟು 2020ರಲ್ಲಿಯೇ ಹೇಳಿಯಾಗಿದೆ. ಅಂದರೆ ಪೇದೆಯ ಕಣ್ಣಿಗೆ ಯಂತ್ರ ಸಾಕ್ಷಿ, ಯಂತ್ರಕ್ಕೆ ಕಾಗದ ಸಾಕ್ಷಿ, ಕಾಗದಕ್ಕೆ ಸಹಿ ಸಾಕ್ಷಿ. ಪ್ರಮಾಣಕ್ಕೆ ಪ್ರಮಾಣ ಹುಡುಕುತ್ತ ಹೋದರೆ ಅನವಸ್ಥೆ ಒದಗುತ್ತದೆಂದು ಪೂರ್ವಸೂರಿಗಳು ಹೆದರಿದ್ದರು. ಸರ್ಕಾರ ಅದನ್ನು ರಬ್ಬರ್ ಸ್ಟಾಂಪಿನಿಂದ ನಿಲ್ಲಿಸಿದೆ. ಕೊನೆಗೆ ಉಳಿದದ್ದು ಶಬ್ದಪ್ರಮಾಣವೊಂದೇ, ಅದೂ ಮೊಹರು ಬಿದ್ದ ಆಪ್ತವಾಕ್ಯ. ಆದ್ದರಿಂದ ಸವಾರನು ‘ನಾನು ಅಷ್ಟು ವೇಗವಾಗಿ ಹೋಗಲಿಲ್ಲ’ ಎಂದು ವಾದಿಸುವುದು ಶುದ್ಧ ಅಶಾಸ್ತ್ರೀಯ. ‘ಯಂತ್ರದ ಈ ವರ್ಷದ ಪತ್ರ ಎಲ್ಲಿದೆ ಸ್ವಾಮಿ?’ ಎಂಬುದೇ ಶಾಸ್ತ್ರೀಯ ಪ್ರಶ್ನೆ.

ಶಾಸ್ತ್ರ ಬಿಟ್ಟು ವಿಜ್ಞಾನಕ್ಕೆ ಕೈಹಾಕಿದವರ ಪಾಡು ಮರುಕ ಹುಟ್ಟಿಸುತ್ತದೆ. ಗನ್ ಓರೆಯಾಗಿ ಹಿಡಿದಿದ್ದರು, ಅಳತೆ ತಪ್ಪು ಎನ್ನುವವರುಂಟು. ರಸ್ತೆಯ ಅಂಚಿನಿಂದ ಓರೆಯಾಗಿ ಅಳೆದಾಗ ಲೆಕ್ಕ ತಪ್ಪುವುದು ನಿಜ. ಆದರೆ ನಿಂತಲ್ಲಿಂದ ಹಿಡಿದ ಗನ್ನು 20 ಡಿಗ್ರಿ ಓರೆಯಿದ್ದರೆ 70 ಕಿಲೋಮೀಟರಿನ ವೇಗ ಸುಮಾರು 66 ಎಂದು ಕಾಣುತ್ತದೆಯೇ ಹೊರತು 74 ಎಂದಲ್ಲ. ಹೀಗೆ ವಾದಿಸಿದವನು ತನ್ನ ವೇಗ ಚಲನ್‌ನಲ್ಲಿ ಬರೆದದ್ದಕ್ಕಿಂತ ಹೆಚ್ಚಿತ್ತೆಂದು ತಾನೇ ಸಾಧಿಸಿ ಕೂರುತ್ತಾನೆ. ಇದಕ್ಕಿಂತ ಬೈಕಿನ ಸ್ಪೀಡೋಮೀಟರು ವಾಸಿ: ಅದು ನಿಜವೇಗಕ್ಕಿಂತ ಕಡಿಮೆ ತೋರಿಸಕೂಡದು, ತುಸು ಹೆಚ್ಚು ತೋರಿಸಬಹುದು ಎಂಬುದು ವಾಹನಗಳ ಅಂತಾರಾಷ್ಟ್ರೀಯ ನಿಯಮ. ಸವಾರನನ್ನು ಹೊಗಳಲೆಂದೇ ಹುಟ್ಟಿದ ಸಾಕ್ಷಿಯನ್ನು ಯಾವ ನ್ಯಾಯಾಧೀಶರು ನಂಬಿಯಾರು ಎಂಬುದು ಬೇರೆ ಮಾತು.

ಪೂರ್ವಪಕ್ಷಿಗಳು ಸುಮ್ಮನಿರುವುದಿಲ್ಲ. ಇಷ್ಟೆಲ್ಲ ಕಸರತ್ತು ಯಾಕೆ, ಬೆಂಗಳೂರಿನಲ್ಲಿ ವೇಗವೇ ಇಲ್ಲವಲ್ಲ ಎನ್ನುತ್ತಾರೆ ಅನುಪಲಬ್ಧಿವಾದಿಗಳು. ಟಾಮ್‌ಟಾಮ್ ಸಂಸ್ಥೆಯ 2024ರ ಸೂಚಿಯಂತೆ ಇಲ್ಲಿ ಹತ್ತು ಕಿಲೋಮೀಟರು ಸಾಗಲು 34 ನಿಮಿಷ 10 ಸೆಕೆಂಡು ಬೇಕು. ಗಂಟೆಗೆ ಹದಿನೇಳೂವರೆ ಕಿಲೋಮೀಟರು. ಇಂಥ ಊರಲ್ಲಿ ಅರವತ್ತು ದಾಟಿದವನಿಗೆ ದಂಡವಲ್ಲ, ಶಾಲು ಹೊದಿಸಬೇಕು ಎಂಬುದು ಅವರ ಮತ. ಮಾತು ಹಿತವಾಗಿದೆ, ನಿಲ್ಲುವುದಿಲ್ಲ. ಸರಾಸರಿ ಇಡೀ ದಾರಿಗೆ ಸೇರಿದ್ದು, ಅಪರಾಧ ಒಂದು ಕ್ಷಣಕ್ಕೆ ಸೇರಿದ್ದು. ರಾತ್ರಿ ಹನ್ನೊಂದರ ಖಾಲಿ ಫ್ಲೈಓವರಿಗೆ ಸಂಜೆ ಆರರ ಸಿಲ್ಕ್ ಬೋರ್ಡ್ ಜಾಮೀನು ನಿಲ್ಲಲಾರದು. ಮೀಮಾಂಸಕರ ಅರ್ಥಾಪತ್ತಿ ಇದಕ್ಕಿಂತ ಗಟ್ಟಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದುಂಡಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಅದೇ ದೇವದತ್ತ ಈಗ ಊಟ ತಲುಪಿಸುವ ಕೆಲಸಕ್ಕೆ ಸೇರಿ ಹತ್ತು ನಿಮಿಷದಲ್ಲಿ ಬಾಗಿಲು ತಟ್ಟಿದರೆ ವೇಗ ತಾನಾಗಿ ಸಿದ್ಧ. ಆದರೆ ಯಾರ ತಪ್ಪಾಗಿ? 183ನೇ ಕಲಂನ ನಾಲ್ಕನೇ ಉಪಕಲಂ ಓದಿ: ಕಾನೂನು ಮೀರದೆ ಮುಗಿಸಲಾಗದ ವೇಳಾಪಟ್ಟಿಯನ್ನು ಹೊರಡಿಸಿದರೆ, ಆ ಪಟ್ಟಿಯೇ ಅದನ್ನು ಹೊರಡಿಸಿದವನ ವಿರುದ್ಧ ಮೇಲ್ನೋಟದ ಸಾಕ್ಷ್ಯ. ಈ ಸೂತ್ರಕ್ಕೆ ಸಿಗಬೇಕಾದಷ್ಟು ಭಾಷ್ಯಕಾರರು ಸಿಕ್ಕಿಲ್ಲ. ಅತಿವೇಗ ಸಂಸ್ಕಾರಹೀನರ ಲಕ್ಷಣವೆಂಬ ನೈತಿಕ ಆಕ್ಷೇಪಕ್ಕೆ ಒಂದೇ ಸಾಲಿನ ಉತ್ತರ ಸಾಕು: ವೈಶೇಷಿಕರ ಪಟ್ಟಿಯಲ್ಲಿ ವೇಗವೇ ಒಂದು ಬಗೆಯ ಸಂಸ್ಕಾರ.

ಪ್ರಮಾಣದ ಚರ್ಚೆಯಲ್ಲಿ ಸೋತವನಿಗೂ ಪ್ರಮೇಯದಲ್ಲಿ ಕೊನೆಯ ಆಸರೆಯಿದೆ. ಅತಿವೇಗಕ್ಕೆ ಸಾವಿರದಿಂದ ಎರಡು ಸಾವಿರದವರೆಗಿನ ದಂಡ ‘ಲಘು ಮೋಟಾರು ವಾಹನ’ಕ್ಕೆ, ಅದಕ್ಕಿಂತ ದೊಡ್ಡ ಮೊತ್ತ ಮಧ್ಯಮ ಮತ್ತು ಭಾರೀ ವಾಹನಗಳಿಗೆ. ಲಘು ವಾಹನ ಯಾವುದೆಂದು 2ನೇ ಕಲಂ ವಿವರಿಸುತ್ತದೆ: ಏಳೂವರೆ ಸಾವಿರ ಕಿಲೋ ಮೀರದ ಕಾರು, ಟ್ರ್ಯಾಕ್ಟರು, ರೋಡ್ ರೋಲರು ಇತ್ಯಾದಿ. ಮೋಟಾರ್‌ಸೈಕಲ್ಲಿಗೆ ಅದೇ ಕಲಂನಲ್ಲಿ ಬೇರೆಯೇ ವ್ಯಾಖ್ಯೆಯಿದೆ, ಕಾರಿನ ವ್ಯಾಖ್ಯೆಯಿಂದ ಅದನ್ನು ಹೆಸರು ಹಿಡಿದು ಹೊರಗಿಟ್ಟಿದ್ದಾರೆ. ಹೀಗಾಗಿ ಅಕ್ಷರಾರ್ಥವನ್ನೇ ಹಿಡಿದರೆ ಅತಿವೇಗದಲ್ಲಿ ನುಗ್ಗುವ ರೋಡ್ ರೋಲರಿಗೆ ಶಿಕ್ಷೆ ನಿಗದಿಯಾಗಿದೆ, ಬೈಕಿಗೆ ಇಲ್ಲ. ಬೇರೆ ಶಿಕ್ಷೆ ಇಲ್ಲದ ತಪ್ಪುಗಳಿಗೆ ಐನೂರರ 177ನೇ ಕಲಂ ಇದೆಯಲ್ಲ ಎಂದು ಎದುರಾಳಿ ಹೇಳಿದರೆ, ಅಲ್ಲಿಗೆ ವಾದ ಅರ್ಧ ಗೆದ್ದಂತೆ. ಆದರೆ ಇಷ್ಟೇ ಅರ್ಧವನ್ನು ಸರ್ಕಾರ 2023ರ ಫೆಬ್ರುವರಿಯಲ್ಲೂ 2025ರ ಆಗಸ್ಟಿನಲ್ಲೂ ಬಾಕಿ ದಂಡಗಳ ಮೇಲೆ ಆಷಾಢದ ಸೀರೆ ಮಾರಾಟದಂತೆ ಯಾವ ತರ್ಕವೂ ಇಲ್ಲದೆ ಬಿಟ್ಟುಕೊಟ್ಟಿತು. ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ವಾದ ಬೇಡವೆನ್ನುವ ಭಕ್ತಿಮಾರ್ಗಿಗಳಿಗೆ 208ನೇ ಕಲಂ ಶರಣಾಗತಿಯ ದಾರಿಯನ್ನೂ ಇಟ್ಟಿದೆ: ಸಮನ್ಸ್ ಬಂದಾಗ ರಿಜಿಸ್ಟರ್ಡ್ ಪತ್ರದಲ್ಲಿ ತಪ್ಪೊಪ್ಪಿ, ಮನಿಯಾರ್ಡರಿನಲ್ಲಿ ಹಣ ಕಳಿಸಿದರೆ ಮುಗಿಯಿತು. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ವಿಲೀನ ಮಾಡಿಕೊಂಡಿರುವುದರಿಂದ, ನಿಧಾನವಾಗಿ ಪಶ್ಚಾತ್ತಾಪ ಪಡುವ ಸೌಲಭ್ಯವೂ ಸವಾರನಿಗೆ ಈಗ ಉಳಿದಿಲ್ಲ.