ಪ್ರವಾಸಿ ಲಕ್ಷಣ ನಿರೂಪಣಂ (ಮಧುಗಿರಿ ಭಾಷ್ಯ ಸಹಿತ)

ಹುಣಸೆಹಣ್ಣು ಬಡಿಯುವ ಕಾಲ ಬಂತೆಂದರೆ ಮಧುಗಿರಿಯಲ್ಲಿ ಒಂದು ಜೀವಿಯ ಸಂಚಾರ ಹೆಚ್ಚುತ್ತದೆ. ಪೂರ್ವಾಚಾರ್ಯರು ಆನೆ, ಕುದುರೆ, ಗೃಹ, ವಿಗ್ರಹಗಳಿಗೆಲ್ಲ ಲಕ್ಷಣ ಬರೆದು ಇದೊಂದನ್ನು ಬಿಟ್ಟರು. ಬೆಟ್ಟದ ಬುಡದಲ್ಲಿ ಮನೆ ಕಟ್ಟಿಸಿಕೊಂಡ ಕರ್ಮಕ್ಕೆ ಆ ಕೊರತೆಯನ್ನು ನಾವೇ ತುಂಬಬೇಕಾಗಿದೆ.

ದೂರದಿಂದ ಗುಂಪಾಗಿ ಬಂದು, ಗದ್ದಲವೆಬ್ಬಿಸಿ, ಕೆಳಗೆ ಗಲೀಜು ಬೀಳಿಸಿ, ಹೊತ್ತು ಮುಗಿದೊಡನೆ ಹೊರಟುಹೋಗುವುದೇ ಪ್ರವಾಸಿ. ಈ ಲಕ್ಷಣದಲ್ಲಿ ಅತಿವ್ಯಾಪ್ತಿ ದೋಷವಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ವರ್ಷವರ್ಷವೂ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೂ ಇದು ಪೂರ್ತಿ ಹೊಂದುತ್ತದೆ. ಆ ಊರಿನವರೋ ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಆದ್ದರಿಂದ ‘ರೆಕ್ಕೆಯಿಲ್ಲದ’ ಎಂಬ ವಿಶೇಷಣ ಸೇರತಕ್ಕದ್ದು. ‘ವಿನೋದಕ್ಕಾಗಿ ಬರುವ’ ಎಂದೂ ಸೇರಿಸೋಣವೆಂದರೆ ಅವ್ಯಾಪ್ತಿ: ಪಾವಗಡದ ಶನಿಮಹಾತ್ಮನ ಗುಡಿಗೆ ಬರುವವರ ಮುಖದಲ್ಲಿ ವಿನೋದ ಕಂಡವರಿಲ್ಲ. ಅವರಲ್ಲೂ ಕೆಲವರು ಅದೇ ತಾಲ್ಲೂಕಿನ 13,000 ಎಕರೆಯ ಸೋಲಾರ್ ಪಾರ್ಕ್ ನೋಡಿಕೊಂಡು ಹೋಗುವುದುಂಟು. ಶನಿ ಸೂರ್ಯನ ಮಗನಷ್ಟೆ. ಮಗನಿಗೆ ಎಳ್ಳೆಣ್ಣೆ, ಅಪ್ಪನಿಗೆ ಪ್ಯಾನೆಲ್ಲು.

ಇನ್ನು ಕಾಲನಿಯಮ. ಶುಕ್ರವಾರ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಗೆ, ಶನಿವಾರ ಪಾವಗಡಕ್ಕೆ, ಭಾನುವಾರ ನಮಗೆ. ಲಕ್ಷ್ಮಿಗೂ ಶನಿಗೂ ನಡುವೆ ಇರುವುದು ಒಂದೇ ರಾತ್ರಿ, ಸಾಲಗಾರರು ಗಮನಿಸಬೇಕು. ಶಿರಾಕ್ಕೆ ವಾರದ ಕಟ್ಟಿಲ್ಲ. ಹೆದ್ದಾರಿಯವರು ಊಟಕ್ಕಿಳಿದು, ಮಲಿಕ್ ರಿಹಾನನ ಗೋರಿಯತ್ತ ತಿರುಗಿಯೂ ನೋಡದೆ ಚಿತ್ರದುರ್ಗಕ್ಕೆ ಹೊರಡುತ್ತಾರೆ.

ಸೂತ್ರ: ‘ಭಾನುವಾಸರೇ ತಟ್ಟೆಇಡ್ಲಿಲೋಪಃ.’ ಏಳರ ಮೇಲೆ ಹೋಟೆಲಿಗೆ ಹೋದ ಸ್ಥಳೀಯನಿಗೆ ಚಟ್ನಿ ಮಾತ್ರ ಶೇಷ ಎಂದು ಭಾಷ್ಯ.

ಶಾಸ್ತ್ರ ನಿಜವಾಗಿ ತಿಣುಕುವುದು ಪ್ರಮಾಣ ವಿಚಾರದಲ್ಲಿ. ನಮ್ಮದು 3,930 ಅಡಿಯ ಏಕಶಿಲಾ ಬೆಟ್ಟ. ಊರಿನ ಯಾವ ಸಂದಿಯಲ್ಲಿ ನಿಂತು ಕತ್ತೆತ್ತಿದರೂ ಕಾಣುತ್ತದೆ, ನಮ್ಮ ಬಚ್ಚಲ ಕಿಟಕಿಯಿಂದಲೂ. ಆದರೂ ಅದರ ನೆರಳಲ್ಲೇ ಕಾರು ನಿಲ್ಲಿಸಿ ಕೇಳುತ್ತಾರೆ: ‘ಅಣ್ಣಾ, ಬೆಟ್ಟ ಎಲ್ಲಿ ಬರುತ್ತೆ?’

‘ಅದು ಎಲ್ಲೂ ಬರಲ್ಲ ಕಣಪ್ಪ, ನೀವೇ ಹೋಗ್ಬೇಕು.’

ಬೆರಳು ಮಾಡಿ ತೋರಿಸಿದರೆ ಒಮ್ಮೆ ಬೆಟ್ಟ ನೋಡಿ, ಒಮ್ಮೆ ಮೊಬೈಲ್ ನೋಡಿ, ‘ಇದ್ರಲ್ಲಿ ಎಡಕ್ಕೆ ತೋರಿಸ್ತಿದೆಯಲ್ಲಾ’ ಎಂದು ಸಂಶಯಪಡುತ್ತಾರೆ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ನಂಬಿದರು. ಇವರು ಅದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನಂಬುತ್ತಾರೆ.

ಬೆಟ್ಟದಲ್ಲಿ ಹೊಗೆಯಿದ್ದರೆ ಬೆಂಕಿಯಿದೆ ಎಂಬುದು ನೈಯಾಯಿಕರ ಅನುಮಾನ. ಎಲ್ಲೆಲ್ಲಿ ಚಿಪ್ಸ್ ಪೊಟ್ಟಣವೋ ಅಲ್ಲಲ್ಲಿ ಪ್ರವಾಸಿ ಎಂಬುದು ನಮ್ಮದು. ಕೋತಿಯ ಕೈಯಲ್ಲೂ ಪೊಟ್ಟಣ ಇರುತ್ತದಲ್ಲ, ಹೇತು ಕೆಟ್ಟಿತಲ್ಲ ಎಂದರೆ, ಕೋತಿ ಅದನ್ನು ಕಿತ್ತುಕೊಂಡದ್ದು ಯಾರಿಂದ ಎಂದು ವಿಚಾರಿಸಿ. ಹೇತು ಮತ್ತೆ ಗಟ್ಟಿಯಾಗುತ್ತದೆ.

ಕೋಟೆ ಕಟ್ಟಿದವರು ಶತ್ರು ದಣಿದು ವಾಪಸ್ಸಾಗಲೆಂದೇ ಬಾಗಿಲ ಮೇಲೆ ಬಾಗಿಲಿಟ್ಟರು, ಕಡಿದಾದ ಬಂಡೆಯಲ್ಲಿ ಪಾದ ಊರುವಷ್ಟೇ ಮೆಟ್ಟಿಲು ಕೊರೆದರು. ಈಗ ಆ ದಣಿವಿಗಾಗಿಯೇ ಬೆಂಗಳೂರಿನಿಂದ ನೂರು ಕಿಲೋಮೀಟರ್ ಪೆಟ್ರೋಲ್ ಸುಡುತ್ತಾರೆ. ಕೋಟೆ ಹಿಡಿದ ಹೈದರಾಲಿಗಾದರೂ ಒಂದು ರಾಜಕೀಯ ಕಾರಣವಿತ್ತು. ಇವರು ಮೂರು ತಾಸು ಬಂಡೆಗೆ ಅಂಟಿಕೊಂಡು ಹತ್ತಿ, ಬಿಸಿಲೇರಿದ ಮೇಲೆ ಕೆಂಪಗೆ ಇಳಿದು, ‘ಮೇಲೆ ನೀರೇ ಇಲ್ವಲ್ಲಾ’ ಎಂದು ನಮ್ಮನ್ನು ದುರುಗುಟ್ಟಿ ನೋಡುತ್ತಾರೆ, ಬೆಟ್ಟ ನಾವು ಮಾಡಿಸಿದ್ದೆಂಬಂತೆ.

ಅಪವಾದ: ದಂಡಿನ ಮಾರಮ್ಮನ ಜಾತ್ರೆಗೆ ಬರುವವರು ಪ್ರವಾಸಿಗಳಲ್ಲ. ಆಗ ಗದ್ದಲ ಮಾಡುವವರಲ್ಲಿ ನಾವೂ ಇರುತ್ತೇವೆ.

ಎದುರುಮನೆಯ ಅಂಗಡಿಯವರದು ಪೂರ್ವಪಕ್ಷ: ‘ಬರ್ಲಿ ಬಿಡಿ ಮೇಷ್ಟ್ರೇ, ಸೌತೆಕಾಯಿ, ಸೋಡಾ ನಾಲ್ಕು ಖರ್ಚಾಗುತ್ತೆ.’ ಖರ್ಚಾಗುವುದು ಅವರ ಸೋಡಾ, ಕಾರು ಅಡ್ಡ ನಿಲ್ಲುವುದು ನಮ್ಮ ಗೇಟಿಗೆ. ಪರರ ಗೇಟಿಗೆ ಅಡ್ಡ ನಿಲ್ಲಿಸುವುದು ಮಹಾಪಾತಕವೆಂದು ನಾವು ಸಿದ್ಧಾಂತ ಮಾಡಿದ್ದೇವೆ.

ಒಂದು ಸಂದೇಹ ಉಳಿದಿದೆ. ಬೆಂಗಳೂರಿನ ಬೀಗರು ಬೆಟ್ಟ ಹತ್ತಲು ಬಂದರೆ ಅವರು ಪ್ರವಾಸಿಗಳೋ, ನೆಂಟರೋ? ಗುಂಪು, ಗದ್ದಲ, ಮೊಬೈಲು, ಎಲ್ಲ ಲಕ್ಷಣವೂ ಇದೆ. ಇಡ್ಲಿಯ ಹೊಣೆ ಮಾತ್ರ ಹೋಟೆಲಿನದಲ್ಲ, ನಮ್ಮದು. ಈ ಭಾನುವಾರ ಎರಡು ಕಾರಿನಲ್ಲಿ ಬರುತ್ತಾರಂತೆ. ಒಂದನ್ನು ನಮ್ಮ ಗೇಟಿನೊಳಕ್ಕೆ ಬಿಟ್ಟುಕೊಳ್ಳಬಹುದು. ಇನ್ನೊಂದಕ್ಕೆ ಪೂರ್ವಪಕ್ಷಿಯ ಗೇಟಿನ ಮುಂದೆ ಬೇಕಾದಷ್ಟು ಜಾಗವಿದೆ.